ಐದು ಪಾಯಿಂಟ್ ಎಂಟು

ಕಿಡ್ನಿ ಕಲ್ಲು ಹುಡುಕಲು ಹೋದವರು
ಹೊಟ್ಟೆಯೊಳಗೆ ಬೇರೇನನ್ನೋ ಕಂಡರು.
ಐದು ಪಾಯಿಂಟ್ ಎಂಟು, ಎಂದಳು ಸ್ಕ್ಯಾನಿನ ಹುಡುಗಿ,
ಪರದೆಯ ಮೇಲೆ ಎರಡು ಚುಕ್ಕಿಯಿಟ್ಟು ನಡುವೆ ಗೆರೆ ಎಳೆದು.

ಮೂವತ್ತೊಂದು ವರ್ಷ ಹಾಸನದ ಮಂಡಿಯಲ್ಲಿ
ಆಲೂಗಡ್ಡೆ ತೂಗಿದವನು ನಾನು.
ಬೆರಳು ಬಿಡಿಸಿ ನೋಡಿಕೊಂಡೆ:
ಐದು ಪಾಯಿಂಟ್ ಎಂಟು ಸೆಂಟಿಮೀಟರ್ ಅಂದರೆ
ಮೊದಲ ದರ್ಜೆಯ ಗಡ್ಡೆ.
ಮಚ್ಚೆಯಿಲ್ಲ, ಮೊಳಕೆಯಿಲ್ಲ,
ಲಾರಿ ಹತ್ತುವಂಥದ್ದು.

ನೋವು? ಇಲ್ಲ.
ಸುಸ್ತು? ನಿನ್ನೆ ರಾತ್ರಿ ಎರಡು ಮುದ್ದೆ ಉಂಡೆ ಮೇಡಂ.
ಬೀಡಿ?
ಅದಕ್ಕೆ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿದೆ.

ಡಾಕ್ಟರ್ ಶಮೀನಾ ಚೀಟಿಯ ಹಿಂದೆ ಚಿತ್ರ ಬರೆದರು.
ಎದೆಯಿಂದಿಳಿಯುವ ದೊಡ್ಡ ನಾಳ
ಕಾಲಿಗೊಂದರಂತೆ ಕವಲೊಡೆಯುವ ಮುಂಚೆ ಊದಿದೆ,
ಗೋಡೆ ತೆಳುವಾಗಿದೆ.
ಒಡೆದರೆ ಮೈಸೂರು ತಲುಪುವುದು ಕಷ್ಟ.
ಒಡೆಯದೆಯೂ ಇರಬಹುದು.
ಆತುರವಿಲ್ಲ, ತಡವೂ ಬೇಡ.
ದಿನ ನೀವೇ ಆರಿಸಿ.

ನಮ್ಮಣ್ಣ ದ್ಯಾವಣ್ಣನಿಗೆ ಯಾರೂ ದಿನ ಕೇಳಿರಲಿಲ್ಲ.
ಜಲಂಧರಿನ ಬಿತ್ತನೆಗಡ್ಡೆ ಇಳಿಯುತ್ತಿದ್ದ ಏಪ್ರಿಲ್ಲಿನಲ್ಲಿ
ಸೊಂಟ ಹಿಡಿದುಕೊಂಡ, ಗ್ಯಾಸು ಅಂದ, ಸೋಡಾ ಕುಡಿದ.
ಆಟೋ ಸಂತೆಪೇಟೆ ದಾಟುವಷ್ಟರಲ್ಲಿ ಮೈ ಬೂದಿ ಬಣ್ಣ.
ಹಾರ್ಟು, ಹಾರ್ಟು ಅಂದುಕೊಂಡೇ ಹದಿನಾಲ್ಕು ವರ್ಷ
ಅವನಿಗೆ ಎಡೆಯಿಟ್ಟೆವು.
ಈ ಚೀಟಿಯ ಹಿಂದೆ ಅವನ ಸಾವು ನನಗೆ ಸಿಕ್ಕಿತು,
ಬೇರೆಯವರ ಲೆಕ್ಕ ನನ್ನ ಜೇಬಿನಲ್ಲಿ ಸಿಕ್ಕಂತೆ.

ನೂರಕ್ಕೆ ಮೂರೋ ನಾಲ್ಕೋ ಜನ
ಮೇಜಿನಿಂದ ಏಳುವುದಿಲ್ಲವಂತೆ.
ನೂರು ಮೂಟೆಗೆ ಮೂರು ಕೊಳೆತರೆ
ಯಾವ ಸಾಹುಕಾರನೂ ಲೋಡು ವಾಪಸು ಕಳಿಸುವುದಿಲ್ಲ, ಎಂದೆ.
ಜವರಮ್ಮ ದೀಪ ಆರಿಸಿ ಕೇಳಿದಳು:
ಆ ಮೂರು ಮೂಟೆಗೆ ಹೆಂಡ್ತಿ ಇರಲ್ವಾ?

ಕೇಳಿ, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.
ಅಲ್ಲಿ ಅದು ಬಡಿಯುತ್ತಿತ್ತು, ಎದೆಗಿಂತ ಜೋರಾಗಿ.
ಅವಳ ಬಸುರಿನ ದಿನಗಳಲ್ಲಿ ನಾನು ಕೈಯಿಟ್ಟಂತೆ
ಕೈಯಿಟ್ಟೇ ಮಲಗಿದಳು
ಒದೆತ ಎಣಿಸುತ್ತ.

ಅಮಾವಾಸ್ಯೆ ಬೇಡ ಅಂದರು ಅತ್ತಿಗೆ.
ಮಂಗಳವಾರ ಬೇಡ ಅಂದ ಭಾವಮೈದ.
ಉಳಿದದ್ದು ಡಾಕ್ಟರಿಗೆ ಬಿಡುವಿದ್ದ ಒಂದು ಗುರುವಾರ.

ಏನು ಮಾಡಿದರೋ ಕಾಣೆ.
ಎದೆಗುಂಡಿಗೆಯ ಕೆಳಗಿಂದ ಹೊಕ್ಕುಳ ಬಳಸಿ ಇಳಿದ ಹೊಲಿಗೆ.
ದಬ್ಬಳ ಹಿಡಿದ ಕೈ ನನ್ನದು;
ಮೂಟೆಯ ಬಾಯಿ ನೋಡಿದರೆ ಹೇಳಬಲ್ಲೆ
ಹೊಲಿದವನಿಗೆ ಬಸ್ಸಿನ ಅವಸರವಿತ್ತೋ ಇಲ್ಲವೋ.
ಇದು ಅವಸರದ್ದಲ್ಲ.
ಒಳಗೊಂದು ಬಟ್ಟೆಯ ಕೊಳವೆ ಇದೆಯಂತೆ,
ನಾನು ಮಣ್ಣಿಗೆ ಹೋದ ಮೇಲೂ ಕೊಳೆಯದ್ದು.

ಐದನೆಯ ದಿನ ಗಾಳಿ ಹೋಯಿತು.
ನರ್ಸಮ್ಮ ಚಪ್ಪಾಳೆ ತಟ್ಟಿದಳು.
ಬದುಕಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಈಗ ಮಂಡಿಗೆ ಬರುತ್ತೇನೆ, ಮೂಟೆ ಮುಟ್ಟುವುದಿಲ್ಲ.
ಚಾಂದ್ ಎತ್ತಿಡುತ್ತಾನೆ, ನಾನು ಅಂಕಿ ಕೂಗುತ್ತೇನೆ.
ಕೆಮ್ಮು ಬಂದರೆ ಒಂದು ಖಾಲಿ ಗೋಣಿ ಮಡಿಸಿ
ಹೊಟ್ಟೆಗೆ ಅವುಚಿಕೊಳ್ಳುತ್ತೇನೆ.
ಹುಡುಗರು ನಗುತ್ತಾರೆ. ನಗಲಿ.

ರಾತ್ರಿ ಜವರಮ್ಮನ ಕೈ
ನಿದ್ದೆಯಲ್ಲೇ ಹಳೆಯ ಜಾಗ ತಡಕುತ್ತದೆ.
ಅಲ್ಲಿ ಸದ್ದಿಲ್ಲ.
ದಡಬಡಿಸಿ ಎದ್ದು ಕೂತು, ಇದೀರಾ? ಅನ್ನುತ್ತಾಳೆ.
ಇದೀನಿ ಕಣೇ, ಮಲಗು.

ದ್ಯಾವಣ್ಣನ ಮಗ ಶಿವನಂಜನಿಗೆ ನಲವತ್ತೆಂಟು.
ಅವರಪ್ಪನದೇ ಭುಜ, ಅವರಪ್ಪನದೇ ಬೀಡಿ.
ನನಗೇನಾಗಿದೆ ಚಿಕ್ಕಪ್ಪ,
ಒಂದು ಮೂಟೆ ಹೆಚ್ಚೇ ಹೊರುತ್ತೀನಿ, ಅನ್ನುತ್ತಾನೆ.
ತಮಾಷೆಗೆ ಅವನನ್ನೇ ತಕ್ಕಡಿ ಹತ್ತಿಸಿದೆ.
ಎಪ್ಪತ್ತೊಂದೂವರೆ.
ನೋಡು, ಎಲ್ಲಾ ಸರಿಯಾಗಿದೆ, ಎಂದ.

ತೂಕದಲ್ಲಿ ಅದು ಕಾಣಲ್ಲ ಕಣೋ.
ಬಾ, ನಾಳೆ ಬೆಳಿಗ್ಗೆ,
ಖಾಲಿ ಹೊಟ್ಟೆಯಲ್ಲಿ.